ಲಿವರ್ ರೋಗಿಯ ತಟ್ಟೆಯಿಂದ ಬೇಳೆ, ಮೊಟ್ಟೆ, ಮೀನು ತೆಗೆಯಬೇಡಿ

ಉತ್ತರ ಕನ್ನಡ ಜಿಲ್ಲೆಯ ಆರೋಗ್ಯ ಆಡಳಿತದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,
ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ವೈದ್ಯರಿಗೆ, ಶುಶ್ರೂಷಾಧಿಕಾರಿಗಳಿಗೆ, ಔಷಧ ಅಂಗಡಿಗಳ ಮಾಲೀಕರಿಗೆ,

ವಿಷಯ: ಲಿವರ್ ಸಿರೋಸಿಸ್ ರೋಗಿಗಳಿಗೆ ಕೊಡುತ್ತಿರುವ ಪಥ್ಯದ ಸಲಹೆ ಮತ್ತು ಅಮೈನೊ ಆಮ್ಲದ ಪುಡಿಗಳ ಬಗ್ಗೆ

ಮಾನ್ಯರೇ,

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲೆ, ಸಿರೋಸಿಸ್ (ಲಿವರ್ ಗಂಟುಗಂಟಾಗಿ ಗಟ್ಟಿಯಾಗುವ ರೋಗ) ಎಂದು ಗೊತ್ತಾದ ಹಲವರು ಆಸ್ಪತ್ರೆಯಿಂದ ಮನೆಗೆ ಬರುವಾಗ ಎರಡು ವಸ್ತುಗಳನ್ನು ತರುತ್ತಾರೆ. ಒಂದು ಡಿಸ್ಚಾರ್ಜ್ ಚೀಟಿ. ಅದರ ಕೆಳಗೆ ಕೈಬರಹದಲ್ಲಿ 'ಮೀನು, ಮೊಟ್ಟೆ ಬೇಡ, ಬೇಳೆ ಕಡಿಮೆ, ಎಣ್ಣೆ ಬೇಡ, ಗಂಜಿ ಕೊಡಿ' ಎಂದಿರುತ್ತದೆ. ಇನ್ನೊಂದು ಅಮೈನೊ ಆಮ್ಲದ ಪುಡಿಯ ಡಬ್ಬಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆ ನೋಡಿ. ನಾವು ತಿಂದ ಪ್ರೋಟೀನು ಜೀರ್ಣವಾದಾಗ ಬಿಡಿಬಿಡಿಯಾಗುವ ತುಣುಕುಗಳೇ ಅಮೈನೊ ಆಮ್ಲಗಳು. ಮನೆಯಲ್ಲೇ ಸಿಗುವ ಪ್ರೋಟೀನು ಬೇಡ ಎಂದು ಬರೆದ ಕೈಯೇ ಅದರ ತುಣುಕುಗಳನ್ನು ದುಡ್ಡು ಕೊಟ್ಟು ತರಲು ಹೇಳುತ್ತಿದೆ. ಡಬ್ಬಿ ಮುಗಿದ ಮೇಲೆ ಇನ್ನೊಂದು ಕೊಳ್ಳಲು ಬಹುತೇಕ ಮನೆಗಳಿಗೆ ಶಕ್ತಿಯಿಲ್ಲ. ಕೊನೆಗೆ ಉಳಿಯುವುದು ಗಂಜಿ.

ಇಂಥ ಆಸ್ಪತ್ರೆ, ಇಂಥ ವೈದ್ಯರು ಎಂದು ಬೊಟ್ಟು ಮಾಡುವುದು ಈ ಪತ್ರದ ಉದ್ದೇಶವಲ್ಲ. ಪ್ರೋಟೀನು ತಿಂದರೆ ಅಮೋನಿಯಾ ಹೆಚ್ಚುತ್ತದೆ, ಅದು ಮಿದುಳಿಗೆ ಏರಿ ಮಂಪರು ಬರುತ್ತದೆ ಎಂದು ಹಿಂದಿನ ಪಠ್ಯಪುಸ್ತಕಗಳೇ ಕಲಿಸಿದ್ದವು. ಆ ಪಾಠ ಬದಲಾಗಿ ಎರಡು ದಶಕವಾಗುತ್ತಾ ಬಂದರೂ ಚೀಟಿ ಬದಲಾಗಿಲ್ಲ ಎಂಬುದೇ ನಮ್ಮ ದೂರು.

ಗಂಜಿ ಪಥ್ಯ ಯಾಕೆ ಕೆಡುಕು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆರೋಗ್ಯವಂತರ ಲಿವರ್ ಹಗಲಿನ ಊಟದ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಟ್ಟು ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಸಿರೋಸಿಸ್‌ನಲ್ಲಿ ಲಿವರ್ ಗಂಟುಗಂಟಾಗಿ ಗಟ್ಟಿಯಾದಾಗ ಆ ಉಗ್ರಾಣವೇ ಕಿರಿದಾಗುತ್ತದೆ. ರಾತ್ರಿ ಎಂಟಕ್ಕೆ ಉಂಡು ಮಲಗಿದ ರೋಗಿಯ ದೇಹ, ಬೆಳಗಾಗುವಷ್ಟರಲ್ಲಿ, ಆರೋಗ್ಯವಂತ ಮನುಷ್ಯ ಎರಡು ಮೂರು ದಿನ ಉಪವಾಸವಿದ್ದಾಗ ಇರುವ ಸ್ಥಿತಿಗೆ ಇಳಿದಿರುತ್ತದೆ. ಸಕ್ಕರೆ ಬೇಕು, ಉಗ್ರಾಣ ಖಾಲಿ. ಆಗ ದೇಹ ತೋಳು, ತೊಡೆ, ಭುಜದ ಮಾಂಸಖಂಡವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಹೊಟ್ಟೆ ಉಬ್ಬಿ ತೋಳು ಕಡ್ಡಿಯಾಗುವುದು ಹೀಗೆ.

ಅಮೋನಿಯಾದ ಕಥೆಯೂ ಇಲ್ಲೇ ತಿರುಗುತ್ತದೆ. ಲಿವರ್ ಸೋತಾಗ ಅಮೋನಿಯಾವನ್ನು ಹಿಡಿದು ಗ್ಲುಟಮಿನ್ ಎಂಬ ಅಮೈನೊ ಆಮ್ಲವಾಗಿ ಬದಲಿಸುವ ಕೆಲಸದ ದೊಡ್ಡ ಪಾಲು ಮಾಂಸಖಂಡದ ಮೇಲೆ ಬೀಳುತ್ತದೆ. ಪ್ರೋಟೀನು ನಿಲ್ಲಿಸಿದರೆ ಮಾಂಸಖಂಡ ಕರಗುತ್ತದೆ, ಅದು ಕರಗಿದಷ್ಟೂ ಅಮೋನಿಯಾ ಹಿಡಿಯುವವರು ಕಡಿಮೆಯಾಗುತ್ತಾರೆ. ಮಂಪರು ಬಾರದಿರಲಿ ಎಂದು ಮಾಡಿದ ಪಥ್ಯವೇ ಮುಂದಿನ ಮಂಪರಿಗೆ ದಾರಿಯಾಗುತ್ತದೆ.

ಇದು ಪರೀಕ್ಷೆಗೆ ಒಳಪಟ್ಟ ಮಾತು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಮಂಪರಿನಿಂದ ದಾಖಲಾದ 30 ಸಿರೋಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲು ಪ್ರೋಟೀನು ನಿಲ್ಲಿಸಿ ನಿಧಾನವಾಗಿ ಏರಿಸಿದರು, ಇನ್ನೊಂದಕ್ಕೆ ಮೊದಲ ದಿನದಿಂದಲೇ ಪೂರ್ತಿ ಕೊಟ್ಟರು. ಮಂಪರು ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರೋಟೀನು ನಿಲ್ಲಿಸಿದವರಲ್ಲಿ ದೇಹದ ಪ್ರೋಟೀನು ಹೆಚ್ಚು ಒಡೆದಿತ್ತು. 2014ರಲ್ಲಿ ಅಮೆರಿಕ ಮತ್ತು ಯುರೋಪಿನ ಲಿವರ್ ತಜ್ಞರ ಸಂಘಗಳು ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ, 2018ರಲ್ಲಿ ಯುರೋಪಿನ ಸಂಘ ಪೋಷಣೆಗೆಂದೇ ಬರೆದ ಮಾರ್ಗಸೂಚಿ, ಎರಡೂ ಹೇಳುವುದು ಒಂದೇ: ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, ಕನಿಷ್ಠ 35 ಕಿಲೋಕ್ಯಾಲರಿ ಶಕ್ತಿ. ಮಂಪರು ಇದೆಯೆಂದು ಪ್ರೋಟೀನು ಕಡಿತ ಮಾಡಬಾರದು. ನಮ್ಮ ದೇಶದ ಲಿವರ್ ತಜ್ಞರ ಸಂಘದ ನಿಲುವೂ ಇದೇ. ಹಠಾತ್ತನೆ ಲಿವರ್ ಪೂರ್ತಿ ಕೈಕೊಟ್ಟ ರೋಗಿಯ ಮಾತು ಬೇರೆ, ಅಲ್ಲಿ ಮೊದಲ ಒಂದೆರಡು ದಿನದ ನಿರ್ಧಾರ ಐಸಿಯು ವೈದ್ಯರದು. ಕಿಡ್ನಿ ತೊಂದರೆಯೂ ಇದ್ದರೆ ಲೆಕ್ಕವನ್ನು ವೈದ್ಯರೇ ಹಾಕಬೇಕು. ನಾವು ಹೇಳುತ್ತಿರುವುದು ಮನೆಗೆ ಹೋಗಿ ವರ್ಷಗಟ್ಟಲೆ ಬದುಕಬೇಕಾದ ಸಿರೋಸಿಸ್ ರೋಗಿಯ ಮಾತು.

ಈ ಅಂಕಿಯನ್ನು ಅಡುಗೆಮನೆಗೆ ಇಳಿಸುವಾಗ ಮೊದಲ ತಪ್ಪು ತೂಕದಲ್ಲೇ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದವರ ತೂಕ ನಿಜವಾದ ತೂಕವಲ್ಲ. ನೀರು ಸ್ವಲ್ಪವಿದ್ದರೆ ತಕ್ಕಡಿಯ ತೂಕದಲ್ಲಿ ನೂರಕ್ಕೆ 5, ಮಧ್ಯಮವಾಗಿದ್ದರೆ 10, ಬಹಳವಿದ್ದರೆ 15 ಭಾಗ ಕಳೆಯಬೇಕು. ಎರಡೂ ಕಾಲು ಬಾತಿದ್ದರೆ ಇನ್ನೂ 5 ಕಳೆಯಬೇಕು. ತಕ್ಕಡಿಯಲ್ಲಿ 65 ಕಿಲೋ ತೋರಿಸಿದ, ಹೊಟ್ಟೆಯಲ್ಲಿ ಮಧ್ಯಮ ಪ್ರಮಾಣದ ನೀರಿರುವ, ಕಾಲು ಬಾತ ರೋಗಿಯ ಒಣತೂಕ ಸುಮಾರು 55 ಕಿಲೋ. ಅವರಿಗೆ ದಿನಕ್ಕೆ 66ರಿಂದ 82 ಗ್ರಾಂ ಪ್ರೋಟೀನು, ಸುಮಾರು 1,925 ಕಿಲೋಕ್ಯಾಲರಿ ಬೇಕು. ಬೊಜ್ಜಿರುವವರಿಗೆ ಕ್ಯಾಲರಿ ಕಡಿಮೆ ಮಾಡಬಹುದು, ಪ್ರೋಟೀನು ಅಲ್ಲ.

ಈಗ ಚೀಟಿಯಲ್ಲಿ ಬರೆದ ಗಂಜಿಯ ಲೆಕ್ಕ ನೋಡೋಣ. ಒಂದು ಬಟ್ಟಲು ಗಂಜಿಗೆ ಬೀಳುವ ಕುಚ್ಚಲಕ್ಕಿ ಹೆಚ್ಚೆಂದರೆ 40 ಗ್ರಾಂ. ಅದರಲ್ಲಿ ಪ್ರೋಟೀನು 3 ಗ್ರಾಂ. ನಾಲ್ಕು ಹೊತ್ತು ಕುಡಿದರೂ 12 ಗ್ರಾಂ, ಕ್ಯಾಲರಿ 600ರ ಒಳಗೆ. ಬೇಕಾದ್ದರಲ್ಲಿ ಪ್ರೋಟೀನು ಐದರಲ್ಲೊಂದು ಪಾಲೂ ಇಲ್ಲ, ಶಕ್ತಿ ಮೂರರಲ್ಲೊಂದು ಪಾಲೂ ಇಲ್ಲ. ಹೀಗೆ ಒಂದು ತಿಂಗಳು ಕಳೆದ ರೋಗಿ ಎದ್ದು ನಿಲ್ಲಲು ಗೋಡೆ ಹಿಡಿದರೆ ಅದನ್ನು ರೋಗದ ಲೆಕ್ಕಕ್ಕೆ ಬರೆಯುತ್ತೇವೆ. ಅದರಲ್ಲಿ ಹಸಿವಿನ ಪಾಲು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಮೀನು ತಿನ್ನುವ ಮನೆಯಲ್ಲಿ ಅದೇ 55 ಕಿಲೋ ಒಣತೂಕದ ರೋಗಿಗೆ ದಿನವಿಡೀ ಬೇಕಾದ್ದು ಇಷ್ಟು: ಅಕ್ಕಿ 250 ಗ್ರಾಂ (17 ಗ್ರಾಂ ಪ್ರೋಟೀನು), ತೊಗರಿ ಅಥವಾ ಹೆಸರು 50 ಗ್ರಾಂ (11), ಎರಡು ಮೊಟ್ಟೆ (12), ಮುಳ್ಳು ತಲೆ ತೆಗೆದ ಬಂಗಡೆಯೋ ತಾರ್ಲೆಯೋ 100 ಗ್ರಾಂ (18), ಹಾಲು 250 ಮಿಲಿ (8), ಮೊಸರು 100 ಗ್ರಾಂ (3), ಶೇಂಗಾ 20 ಗ್ರಾಂ (5). ಒಟ್ಟು 74 ಗ್ರಾಂ. ಅಡುಗೆಗೆ 30 ಗ್ರಾಂ ಎಣ್ಣೆ ಸೇರಿದರೆ 1,900 ಕಿಲೋಕ್ಯಾಲರಿ ದಾಟುತ್ತದೆ. ಎಣ್ಣೆ ಪೂರ್ತಿ ಬಿಟ್ಟರೆ ಅಷ್ಟು ಕ್ಯಾಲರಿ ತುಂಬುವುದು ಆಗದ ಮಾತು. ಕಣ್ಣು ಹಳದಿಯಾಗಿದೆ ಎಂಬ ಒಂದೇ ಕಾರಣಕ್ಕೆ ಎಣ್ಣೆ ನಿಲ್ಲಿಸುವ ಅಗತ್ಯವಿಲ್ಲ. ಮಲ ಬಿಳಿಚಿಕೊಂಡು ಜಿಡ್ಡಾಗಿ ತೇಲುತ್ತಿದ್ದರೆ ಮಾತ್ರ ವೈದ್ಯರಲ್ಲಿ ಕೇಳಬೇಕು.

ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳಲ್ಲಿ ಇದು ಕಷ್ಟವೆಂದು ಹಲವರು ಕೈಚೆಲ್ಲುತ್ತಾರೆ. ಕಷ್ಟವಿಲ್ಲ. ಅಕ್ಕಿ 250 ಗ್ರಾಂ, ಬೇಳೆ-ಕಾಳು ಸೇರಿ 80 ಗ್ರಾಂ (18), ಹಾಲು ಅರ್ಧ ಲೀಟರ್ (16), ಮೊಸರು 200 ಗ್ರಾಂ (6), ಶೇಂಗಾ 30 ಗ್ರಾಂ (7), ಪನೀರ್ 50 ಗ್ರಾಂ (9). ಇಲ್ಲೂ 73 ಗ್ರಾಂ ಆಯಿತು. ಎಡವುವುದು ಪ್ರಮಾಣದಲ್ಲಲ್ಲ, ತೆಳುವಿನಲ್ಲಿ. ರೋಗಿಗೆ ಹಗುರ ಇರಲಿ ಎಂದು ಬೇಳೆಕಟ್ಟಿನ ಸಾರು ಬಡಿಸುತ್ತಾರೆ. ಪ್ರೋಟೀನು ಕಟ್ಟಿನಲ್ಲಿಲ್ಲ, ತಳದಲ್ಲಿ ಉಳಿದ ಬೇಳೆಯಲ್ಲಿದೆ. ತಂಬುಳಿ ಬಾಯಿಗೆ ರುಚಿ, ಆದರೆ ಅದರಲ್ಲಿ ಮಜ್ಜಿಗೆಯ ನೀರೇ ಹೆಚ್ಚು. ಹೊಟ್ಟೆ ಬೇಗ ತುಂಬುವ ರೋಗಿಗೆ ಮೊದಲು ಬೇಳೆ, ಮೊಟ್ಟೆ, ಮೀನಿನ ತುಂಡು, ಆಮೇಲೆ ಅನ್ನ, ಕೊನೆಗೆ ಸಾರು. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಬೇಡ. ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪೊತ್ತುಗಳನ್ನು ಇವರು ಬಿಡಲೇಬೇಕು. ಮನೆಯ ಹಿರಿಯರಿಗೆ ಈ ಮಾತನ್ನು ವೈದ್ಯರೇ ಹೇಳಿದರೆ ಅದಕ್ಕೆ ತೂಕ ಬರುತ್ತದೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಮರೆತಿರುವ ಔಷಧ ಮಲಗುವ ಮುಂಚಿನ ತಿನಿಸು. ಕನಿಷ್ಠ 50 ಗ್ರಾಂ ಪಿಷ್ಟ ಅದರಲ್ಲಿರಬೇಕು. 65 ಗ್ರಾಂ ಅವಲಕ್ಕಿಯಲ್ಲಿ ಅಷ್ಟಿದೆ. ಒಂದು ಲೋಟ ಹಾಲಿನಲ್ಲಿ ನೆನೆಸಿ ಕೊಟ್ಟರೆ ಪ್ರೋಟೀನೂ ಸೇರಿತು. 50 ಗ್ರಾಂ ರಾಗಿ ಹಿಟ್ಟಿನ ಹಾಲು ಗಂಜಿ ಮತ್ತು ಒಂದು ಸಣ್ಣ ಬಾಳೆಹಣ್ಣು ಆದರೂ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ, ಸಕ್ಕರೆ ಹಾಕದೆ ಇದನ್ನೇ ಕೊಡಬೇಕು, ಮಾತ್ರೆಯ ಪ್ರಮಾಣ ವೈದ್ಯರು ಹೊಂದಿಸುತ್ತಾರೆ. ನ್ಯೂಜಿಲೆಂಡಿನ ಒಂದು ಅಧ್ಯಯನದಲ್ಲಿ (2008) ಒಂದೇ ಪೂರಕ ಆಹಾರವನ್ನು ಕೆಲವರಿಗೆ ಹಗಲಲ್ಲಿ, ಕೆಲವರಿಗೆ ರಾತ್ರಿ ವರ್ಷವಿಡೀ ಕೊಟ್ಟರು. ರಾತ್ರಿ ತೆಗೆದುಕೊಂಡವರಲ್ಲಿ ಸುಮಾರು ಎರಡು ಕಿಲೋ ಮಾಂಸಖಂಡದಷ್ಟು ಪ್ರೋಟೀನು ದೇಹಕ್ಕೆ ಸೇರಿತು, ಹಗಲಿನವರಲ್ಲಿ ಸೇರಲಿಲ್ಲ. ಆಹಾರ ಒಂದೇ, ವ್ಯತ್ಯಾಸ ಹೊತ್ತಿನದು.

ಇಲ್ಲಿ ಆಸ್ಪತ್ರೆಗಳ ಪದ್ಧತಿಯನ್ನೂ ಹೇಳಲೇಬೇಕು. ವಾರ್ಡಿನಲ್ಲಿ ರಾತ್ರಿಯೂಟ ಸಂಜೆ ಏಳರೊಳಗೆ ಮುಗಿದು, ಬೆಳಗಿನ ತಿಂಡಿ ಎಂಟೂವರೆಗೆ ಬಂದರೆ ನಡುವೆ ಹದಿಮೂರೂವರೆ ಗಂಟೆ. ಇದರ ಮೇಲೆ ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಂದು ಖಾಲಿ ಹೊಟ್ಟೆಯಲ್ಲಿ ಕೂರಿಸಿ, ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ ಹತ್ತೊಂಬತ್ತು ಗಂಟೆ. ಪರೀಕ್ಷೆ ಮುಂದೂಡಿದರೆ ಮರುದಿನ ಮತ್ತೆ ಅದೇ. ಶಿರಸಿಯಿಂದ ಹುಬ್ಬಳ್ಳಿಗೆ, ಹೊನ್ನಾವರದಿಂದ ಮಣಿಪಾಲಕ್ಕೆ ಬೆಳಗಿನ ಬಸ್ಸು ಹಿಡಿದು ಹೋಗುವವರು ದಾರಿಯಲ್ಲೂ ಏನೂ ತಿನ್ನುವುದಿಲ್ಲ, 'ರಕ್ತ ಪರೀಕ್ಷೆ ಇದೆ' ಎಂಬ ಭಯ. ಎಲ್ಲ ರಕ್ತ ಪರೀಕ್ಷೆಗೂ ಉಪವಾಸ ಬೇಕಿಲ್ಲ. ಲಿವರ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವಿಕೆಯ ಐಎನ್‌ಆರ್, ಕಿಡ್ನಿಯ ಕ್ರಿಯಾಟಿನಿನ್, ಸೋಡಿಯಂ ನೋಡಲು ಬೇಕಿಲ್ಲ ಎಂದು ಚೀಟಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಇನ್ನು ಡಬ್ಬಿಯ ವಿಷಯ. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲಗಳಿಗೆ ಬಿಸಿಎಎ ಎಂಬ ಒಟ್ಟು ಹೆಸರು. ಇವುಗಳ ವಿಶೇಷವೆಂದರೆ ಇವು ಒಡೆಯುವುದು ಹೆಚ್ಚಾಗಿ ಮಾಂಸಖಂಡದಲ್ಲಿ, ಲಿವರಿನಲ್ಲಲ್ಲ. ಸಿರೋಸಿಸ್‌ನಲ್ಲಿ ರಕ್ತದಲ್ಲಿ ಇವು ಇಳಿದು, ಲಿವರ್ ಸಂಭಾಳಿಸಬೇಕಾದ ಫೀನೈಲ್ ಅಲನಿನ್, ಟೈರೊಸಿನ್ ಎಂಬ ಬೇರೆ ಅಮೈನೊ ಆಮ್ಲಗಳು ಏರುತ್ತವೆ. ಹೀಗಾಗಿ ಇವನ್ನು ಬೇರೆಯಾಗಿ ಕೊಡುವುದರಲ್ಲಿ ತರ್ಕವಿದೆ, ಆಧಾರವೂ ಇದೆ. ಇಟಲಿಯಲ್ಲಿ 174 ರೋಗಿಗಳ ಮೇಲೆ ಒಂದು ವರ್ಷ (2003), ಜಪಾನಿನಲ್ಲಿ 646 ರೋಗಿಗಳ ಮೇಲೆ ಎರಡು ವರ್ಷ (2005) ನಡೆದ ಪ್ರಯೋಗಗಳಲ್ಲಿ ರೋಗ ಉಲ್ಬಣಿಸುವುದು ಕಡಿಮೆಯಾಯಿತು. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2017ರ ವಿಮರ್ಶೆ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಮಂಪರಿಗೆ ಬಿಸಿಎಎ ಪ್ರಯೋಜನಕಾರಿ, ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಆದ್ದರಿಂದ ಡಬ್ಬಿ ಮೋಸ ಎಂದು ನಾವು ಹೇಳುತ್ತಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬುದು ಚೀಟಿಯಲ್ಲಿ ಇಲ್ಲ ಎನ್ನುತ್ತಿದ್ದೇವೆ.

ಜಪಾನಿನಲ್ಲಿ ಕೊಟ್ಟ ಪೊಟ್ಟಣದ ಅಳತೆ ಗಮನಿಸಿ: ಒಂದರಲ್ಲಿ ಲ್ಯೂಸಿನ್ 1.904, ವ್ಯಾಲಿನ್ 1.144, ಐಸೋಲ್ಯೂಸಿನ್ 0.952 ಗ್ರಾಂ, ಒಟ್ಟು 4 ಗ್ರಾಂ. ದಿನಕ್ಕೆ ಮೂರು, ಅಂದರೆ 12 ಗ್ರಾಂ. ಮಂಪರಿಗೆ ಯುರೋಪಿನ ಪೋಷಣಾ ತಜ್ಞರು ಹೇಳುವ ಪ್ರಮಾಣ ಪ್ರತಿ ಕಿಲೋಗೆ 0.25 ಗ್ರಾಂ, 55 ಕಿಲೋದವರಿಗೆ ಸುಮಾರು 14 ಗ್ರಾಂ. ಆದರೆ ರೋಗಿಗಳು ಮಾಡುವುದೇನು? ಡಬ್ಬಿ ಬೇಗ ಮುಗಿಯದಿರಲೆಂದು ಬೆಳಿಗ್ಗೆ ಒಂದು ಚಮಚ. ಹಲವು ಪುಡಿಗಳಲ್ಲಿ ಬಿಸಿಎಎ ಪ್ರಮಾಣ ಕಡಿಮೆ, ಉಳಿದದ್ದು ಸಕ್ಕರೆ, ಮಾಲ್ಟೊಡೆಕ್ಸ್‌ಟ್ರಿನ್, ಪರಿಮಳ. ಒಂದು ಚಮಚಕ್ಕೆ ಎರಡು ಗ್ರಾಂ ಸಿಕ್ಕರೆ ಹೆಚ್ಚು. ಅದಕ್ಕೆ ಮಂಪರು ತಡೆಯುವ ಶಕ್ತಿಯಿಲ್ಲ, ದುಡ್ಡು ಮಾತ್ರ ಹೋಯಿತು. ಇತ್ತ ಮೇಲೆ ಹೇಳಿದ 74 ಗ್ರಾಂ ಪ್ರೋಟೀನಿನ ಊಟದಲ್ಲಿ ಐದರಲ್ಲೊಂದು ಪಾಲಿಗೆ ಸ್ವಲ್ಪ ಕಡಿಮೆ ಈ ಮೂರು ಅಮೈನೊ ಆಮ್ಲಗಳೇ, ಅಂದರೆ 13 ಗ್ರಾಂ ಆಸುಪಾಸು. ಬಿಡಿ ಬಿಸಿಎಎ ಮಾಡುವ ಕೆಲಸವನ್ನು ಊಟ ಹಾಗೆಯೇ ಮಾಡುತ್ತದೆ ಎಂದಲ್ಲ. ಆದರೆ ಊಟ ಕಿತ್ತುಕೊಂಡು ಚಮಚ ಪುಡಿ ಕೊಟ್ಟರೆ ರೋಗಿಗೆ ಸಿಗುವ ಬಿಸಿಎಎ ಹೆಚ್ಚುವುದಿಲ್ಲ, ಇಳಿಯುತ್ತದೆ.

ಹಾಗಾದರೆ ಕ್ರಮ ಹೀಗಿರಲಿ. ಮೊದಲು ಊಟ ಸರಿಪಡಿಸಿ, ರಾತ್ರಿ ತಿನಿಸು ಸೇರಿಸಿ. ಮಾಂಸ, ಮೀನು ಹೆಚ್ಚಾದಾಗ ಮಂಪರು ಮರುಕಳಿಸುವ ಕೆಲವರಿಗೆ ಪ್ರೋಟೀನಿನ ಪ್ರಮಾಣ ಹಾಗೆಯೇ ಇಟ್ಟು ಮೂಲ ಬದಲಿಸಿ, ಹಾಲು, ಮೊಸರು, ಬೇಳೆ, ಕಾಳಿಗೆ ತನ್ನಿ. ಇವುಗಳನ್ನು ಅವರು ಚೆನ್ನಾಗಿ ತಾಳಿಕೊಳ್ಳುತ್ತಾರೆ, ಕಾಳಿನ ನಾರು ಮಲಬದ್ಧತೆಯನ್ನೂ ತಡೆಯುತ್ತದೆ. ಅದಾದ ಮೇಲೂ ಮಂಪರು ಬಿಡದಿದ್ದರೆ, ಇಲ್ಲವೇ ಅಷ್ಟು ಪ್ರೋಟೀನು ತಿನ್ನಲಾಗದಿದ್ದರೆ, ಆಗ ಬಿಸಿಎಎ, ಪೂರ್ತಿ ಪ್ರಮಾಣದಲ್ಲಿ, ಹಂಚಿಕೊಂಡು, ಒಂದು ಪಾಲು ಮಲಗುವಾಗ. ಕಹಿ ಇರುತ್ತದೆ, ತಣ್ಣೀರಿನಲ್ಲಿ ಕದಡಿ ಊಟದ ನಂತರ ಕುಡಿದರೆ ಹೊಟ್ಟೆ ತೊಳಸುವುದು ಕಡಿಮೆ.

ಜಿಮ್ಮಿನ ಹುಡುಗರಿಗೆಂದು ಮಾರುವ ಬಿಸಿಎಎಯನ್ನು ಲಿವರ್ ರೋಗಿಗೆ ಕೊಡುವುದನ್ನು ಅಂಗಡಿಯವರು ದಯವಿಟ್ಟು ನಿಲ್ಲಿಸಬೇಕು. ಅವುಗಳಲ್ಲಿ ಕೆಲವಕ್ಕೆ ಕೆಫೀನ್ ಬೆರೆಸಿರುತ್ತಾರೆ, ಕೆಲವಕ್ಕೆ ಸೋಡಿಯಂ, ಕೆಲವಕ್ಕೆ ಗ್ರೀನ್ ಟೀ ಸಾರ. ಗ್ರೀನ್ ಟೀ ಸಾರ ಲಿವರನ್ನೇ ಕೆಡಿಸಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. 2016ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಆರೋಗ್ಯ ಪೂರಕಗಳ ಮೇಲೆ 'ಔಷಧ ಬಳಕೆಗಲ್ಲ' ಎಂದೂ, ರೋಗಿಗಳಿಗೆಂದೇ ತಯಾರಿಸಿದ ಆಹಾರದ ಮೇಲೆ 'ವೈದ್ಯರ ಸಲಹೆಯಂತೆ ಮಾತ್ರ' ಎಂಬ ಅರ್ಥದ ಸಾಲೂ ಇರಬೇಕು. ಆ ಸಾಲನ್ನು ಗಿರಾಕಿಗೆ ಓದಿ ಹೇಳಿ. ಅಮೃತಬಳ್ಳಿಯ ಕಷಾಯವೂ ಇದೇ ಸಾಲಿಗೆ ಬರುತ್ತದೆ: ಅದನ್ನು ಕುಡಿದವರಲ್ಲಿ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮನೆಮದ್ದು ಎಂಬ ಕಾರಣಕ್ಕೆ ಅದು ಸೌಮ್ಯವಲ್ಲ.

ಮಂಪರು ಬಂದಾಗ ಮನೆಯವರು ಮೊದಲು ದೂರುವುದು ಹಿಂದಿನ ದಿನ ತಿಂದ ಮೀನನ್ನು. ನಿಜವಾದ ಕಾರಣ ಸಾಮಾನ್ಯವಾಗಿ ಬೇರೆ ಇರುತ್ತದೆ: ಎರಡು ದಿನ ಮಲವಿಸರ್ಜನೆ ಆಗದಿರುವುದು, ಹೊಟ್ಟೆಯ ನೀರಿಗೆ ಸೋಂಕು, ಕರಿ ಮಲವಾಗಿ ಕಾಣಿಸುವ ಒಳರಕ್ತಸ್ರಾವ, ಮೂತ್ರದ ಮಾತ್ರೆ ಹೆಚ್ಚಾಗಿ ಸೋಡಿಯಂ ಅಥವಾ ಪೊಟ್ಯಾಸಿಯಂ ಇಳಿದದ್ದು, ನಿದ್ರೆ ಮಾತ್ರೆ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಔಷಧ ಎಷ್ಟು ಮಿಲಿ ಎಂದು ಬರೆದರೆ ಸಾಲದು, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಆಗುವಷ್ಟು ಎಂದು ಬರೆಯಬೇಕು. ಆಗದಿದ್ದರೆ ಹೆಚ್ಚಿಸಲು, ನೀರಾಗಿ ಹೋದರೆ ತಗ್ಗಿಸಲು ಮನೆಯವರಿಗೆ ಗೊತ್ತಿರಬೇಕು. ಹಗಲು ತೂಕಡಿಸಿ ರಾತ್ರಿ ಎಚ್ಚರವಿರುವುದು, ಸಹಿ ಬದಲಾಗುವುದು, ಚಾಚಿದ ಅಂಗೈ ಬಡಿದಾಡುವುದು ಕಂಡರೆ ಊಟ ನಿಲ್ಲಿಸದೆ ಆಸ್ಪತ್ರೆಗೆ ಕರೆತರಬೇಕು. ಎಬ್ಬಿಸಲಾಗದಷ್ಟು ಮಂಪರಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ನಮ್ಮ ಕರಾವಳಿಗೆಂದೇ ಹೇಳಬೇಕಾದ ಮಾತುಗಳೂ ಇವೆ. ಹೊಟ್ಟೆಯಲ್ಲಿ ನೀರಿರುವವರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ. ತಾಜಾ ಮೀನಿಗೆ ಅಡ್ಡಿಯಿಲ್ಲ. ಒಣಮೀನು, ಒಣ ಶೆಟ್ಲಿ, ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಉಪ್ಪು ಸೊಳೆ ಬೇಡ. ಚೀಟಿಯಲ್ಲಿ 'ಮೀನು ಬೇಡ' ಎಂಬಲ್ಲಿ 'ಒಣಮೀನು ಬೇಡ' ಎಂದಿದ್ದರೆ ಎಷ್ಟೋ ಮಂದಿಯ ಊಟ ಉಳಿಯುತ್ತಿತ್ತು. ಆದರೆ ಉಪ್ಪನ್ನು ಪೂರ್ತಿ ತೆಗೆದರೆ ಅನ್ನವೇ ಸೇರುವುದಿಲ್ಲ, ಅದು ಇನ್ನೂ ನಷ್ಟ. ಹುಣಸೆ, ಲಿಂಬೆ, ವಾಟೆಹುಳಿ, ಮೆಣಸು, ಶುಂಠಿಯಿಂದ ರುಚಿ ತರಬಹುದು. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಮೂತ್ರದ ಮಾತ್ರೆ ನುಂಗುವವರಿಗೆ ಅದು ಅಪಾಯಕಾರಿ, ಹೃದಯದ ಬಡಿತ ತಪ್ಪಬಹುದು. ದಿನಕ್ಕೆ ನಾಲ್ಕೈದು ಎಳನೀರು ಕುಡಿಸುವವರಿಗೂ ಇದೇ ಎಚ್ಚರಿಕೆ. ಅಘನಾಶಿನಿ, ಕಾಳಿ, ಶರಾವತಿ ಅಳಿವೆಗಳ ಬಳಚು, ಚಿಪ್ಪಿಕಲ್ಲನ್ನು ಅರೆಬೆಂದದ್ದು ತಿನ್ನಲೇಬಾರದು. ಬೆಚ್ಚಗಿನ ಉಪ್ಪುನೀರಿನಲ್ಲಿ ವಾಸಿಸುವ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯ ಸಿರೋಸಿಸ್ ಇರುವವರ ರಕ್ತಕ್ಕಿಳಿದರೆ ಒಂದೆರಡು ದಿನದಲ್ಲಿ ಜೀವ ತೆಗೆಯಬಲ್ಲದು. ಕಾಲಲ್ಲಿ ಗಾಯವಿದ್ದರೆ ಅಳಿವೆಯ ನೀರಿಗೆ ಇಳಿಯುವುದೂ ಬೇಡ.

ಮದ್ಯದಿಂದ ಲಿವರ್ ಹಾಳಾಗಿ ಊಟ ಬಿಟ್ಟು ಬಂದವರಿಗೆ ಗ್ಲುಕೋಸ್ ಡ್ರಿಪ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು ಎಂಬುದು ವೈದ್ಯರಿಗೆ ಗೊತ್ತಿರುವುದೇ. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ತಪ್ಪಿಹೋಗದಂತೆ ದಾಖಲಾತಿ ಹಾಳೆಯಲ್ಲೇ ಅದಕ್ಕೊಂದು ಗುರುತಿನ ಜಾಗವಿರಲಿ.

ನಮ್ಮ ಬೇಡಿಕೆಗಳು ದೊಡ್ಡ ಕಟ್ಟಡದ್ದಲ್ಲ. 'ಪ್ರೋಟೀನು ಬೇಡ' ಎಂಬ ಸಾಲನ್ನು ಸಿರೋಸಿಸ್ ರೋಗಿಗಳ ಡಿಸ್ಚಾರ್ಜ್ ಚೀಟಿಯಿಂದ ತೆಗೆಸಿ, ಆ ಜಾಗದಲ್ಲಿ ರೋಗಿಯ ಒಣತೂಕ, ದಿನಕ್ಕೆ ಬೇಕಾದ ಪ್ರೋಟೀನು ಗ್ರಾಂನಲ್ಲಿ, ರಾತ್ರಿ ತಿನಿಸು, ಉಪ್ಪಿನ ಮಿತಿ, ಈ ನಾಲ್ಕನ್ನು ಬರೆಯಲು ಸುತ್ತೋಲೆ ಹೊರಡಿಸಿ. ವಾರ್ಡಿನಲ್ಲಿರುವ ಸಿರೋಸಿಸ್ ರೋಗಿಗಳಿಗೆ ರಾತ್ರಿ ಒಂಬತ್ತೂವರೆಗೆ ಹಾಲು-ಅವಲಕ್ಕಿಯಂಥ ತಿನಿಸು ಅಡುಗೆಮನೆಯ ಪಟ್ಟಿಗೆ ಸೇರಲಿ. ಎಂಡೋಸ್ಕೋಪಿಯ ಸರದಿಯಲ್ಲಿ ಇವರು ಬೆಳಗಿನ ಮೊದಲಿಗರಾಗಲಿ. ಮಧ್ಯಾಹ್ನಕ್ಕೆ ಹೋಗುವುದು ಖಚಿತವಾದರೆ ಬೆಳಿಗ್ಗೆ ಬೇಗ ಏನಾದರೂ ತಿನ್ನಲು ಕೊಟ್ಟು ಆಮೇಲೆ ನಿಗದಿತ ಗಂಟೆಯಷ್ಟು ಖಾಲಿ ಬಿಡಿ. ಬಿಸಿಎಎ ಬರೆಯುವಾಗ ಬ್ರಾಂಡಿನ ಹೆಸರಿನ ಜೊತೆ ದಿನಕ್ಕೆ ಎಷ್ಟು ಗ್ರಾಂ ಬಿಸಿಎಎ, ಎಷ್ಟು ತಿಂಗಳು, ಯಾಕೆ ಎಂದು ಬರೆಯುವುದು ರೂಢಿಯಾಗಲಿ. ನಿಜವಾಗಿ ಅಗತ್ಯವಿರುವ ಬಡ ರೋಗಿಗೆ ಅದು ಜಿಲ್ಲಾ ಮಟ್ಟದಲ್ಲೇ ಉಚಿತವಾಗಿ ಸಿಗುವ ದಾರಿ ಹುಡುಕಿ.

ಆಶಾ ಕಾರ್ಯಕರ್ತೆಯರು ಮಕ್ಕಳ ತೋಳಿನ ಸುತ್ತಳತೆ ತೆಗೆಯುವುದನ್ನು ಬಲ್ಲರು. ಅದೇ ರೀತಿಯ ಅಳತೆ ಪಟ್ಟಿ ಸಿರೋಸಿಸ್ ರೋಗಿಯ ಮನೆಗೂ ತಿಂಗಳಿಗೊಮ್ಮೆ ಹೋಗಲಿ. ಹೊಟ್ಟೆಯ ನೀರು ತೂಕವನ್ನು ಮರೆಮಾಚುತ್ತದೆ, ತೋಳಿನ ಅಳತೆಯನ್ನು ಅಷ್ಟಾಗಿ ಮರೆಮಾಚುವುದಿಲ್ಲ. ಜೊತೆಗೆ ಕೈ ಆಸರೆಯಿಲ್ಲದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡಿ ಬರೆದಿಟ್ಟರೆ, ಊಟ ಮೈಗೆ ಹತ್ತುತ್ತಿದೆಯೋ ಇಲ್ಲವೋ ಮೂರು ತಿಂಗಳಲ್ಲಿ ತಿಳಿಯುತ್ತದೆ.

ಒಂದು ಪುಟದ ಪಥ್ಯದ ಹಾಳೆಯನ್ನು ಕನ್ನಡದಲ್ಲಿ, ಮನೆಮಾತು ಕೊಂಕಣಿ ಇರುವವರಿಗೂ ತಿಳಿಯುವ ಸರಳ ಮಾತಿನಲ್ಲಿ, ಮೀನು ತಿನ್ನುವವರಿಗೊಂದು, ಸಸ್ಯಾಹಾರಿಗಳಿಗೊಂದು ಎಂದು ಬರೆದುಕೊಡಲು ನಾವು ಸಿದ್ಧರಿದ್ದೇವೆ. ನಿಮ್ಮ ತಜ್ಞರು ತಿದ್ದಲಿ, ನಿಮ್ಮ ಮುದ್ರೆಯೊಂದಿಗೆ ಹೊರಬರಲಿ. ಮಳೆಗಾಲಕ್ಕೆ ಮೊದಲೇ ಅದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿದರೆ ಒಳ್ಳೆಯದು. ಘಟ್ಟದ ರಸ್ತೆ ಕುಸಿದ ದಿನಗಳಲ್ಲಿ ಇವರಿಗೆ ಹುಬ್ಬಳ್ಳಿ, ಮಣಿಪಾಲ ದೂರವೇ ಉಳಿಯುತ್ತವೆ.

ಇಂತಿ ತಮ್ಮ ವಿಶ್ವಾಸಿಗಳು,
ಉತ್ತರ ಕನ್ನಡದ ಕರಾವಳಿ ಮತ್ತು ಘಟ್ಟದ ಮೇಲಿನ ಪಥ್ಯಾಹಾರ ಸಲಹೆಗಾರರು ಹಾಗೂ ಶುಶ್ರೂಷಕರು